ಗುದ್ದಿಸಿಕೊಂಡ 1991ರ ಮಿಯಾಟಾ: ರಿಪೇರಿ, ಅಪ್‌ಗ್ರೇಡ್ ಯಾವುದು ಮೊದಲು?

ಪ್ರಶ್ನೆ: ಸನ್ನಿವೇಲ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1991ರ ಮಾಜ್ದಾ ಮಿಯಾಟಾ ಇದೆ, ಎರಡು ಸೀಟಿನ ಸಣ್ಣ ಓಪನ್ ಟಾಪ್ ಕಾರು. 1.6 ಲೀಟರ್ ಎಂಜಿನ್, ಕೆಂಪು ಬಣ್ಣ. ಕಳೆದ ತಿಂಗಳು ಹೈವೇ 9ರಲ್ಲಿ ಇಳಿಯುವಾಗ ಒದ್ದೆ ಎಲೆಗಳ ಮೇಲೆ ಜಾರಿ ಬಲಗಡೆ ಗುಡ್ಡಕ್ಕೆ ಬಡಿಯಿತು. ನನಗೇನೂ ಆಗಲಿಲ್ಲ, ಏರ್‌ಬ್ಯಾಗ್ ಕೂಡ ತೆರೆದುಕೊಳ್ಳಲಿಲ್ಲ. ಬಲ ಫೆಂಡರ್, ಬಂಪರ್, ಬಾನೆಟ್ಟಿನ ಮೂಲೆ, ಒಂದು ಹೆಡ್‌ಲೈಟ್ ಹೋಗಿವೆ. ಕಾರು ಓಡುತ್ತದೆ, ಆದರೆ ಬಲಕ್ಕೆ ಎಳೆಯುತ್ತದೆ. ವಿಮೆಯವರು ಟೋಟಲ್ ಲಾಸ್ ಎನ್ನುತ್ತಿದ್ದಾರೆ. ನನಗೆ ಬಿಡಲು ಮನಸ್ಸಿಲ್ಲ. ಹೇಗೂ ಬಿಚ್ಚಬೇಕಲ್ಲ, ಜೊತೆಗೇ ಸಸ್ಪೆನ್ಷನ್, ಬ್ರೇಕ್, ಸಾಧ್ಯವಾದರೆ ಟರ್ಬೊ ಕೂಡ ಹಾಕಿಸೋಣ ಎಂದು ಆಸೆ. ಇಂಥ ಕೆಲಸ ಮಾಡಿದವರು ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಿ.

ಫ್ರೀಮಾಂಟ್‌ನಿಂದ

ನಿಮಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ನಾನು 1990ರ ಒಂದು ಮಿಯಾಟಾವನ್ನು ಮುಂಭಾಗ ಜಜ್ಜಿದ ಸ್ಥಿತಿಯಲ್ಲೇ ಕೊಂಡು ಮನೆಯ ಗ್ಯಾರೇಜಿನಲ್ಲಿ ಸರಿ ಮಾಡಿದ್ದೇನೆ. ನನ್ನ ಮಾತು ಒಂದೇ: ಅಳತೆ ಮುಗಿಯುವ ತನಕ ಯಾವ ಪಾರ್ಟೂ ಆರ್ಡರ್ ಮಾಡಬೇಡಿ. ಫೆಂಡರ್ ಸಹ ಬೇಡ.

ಯಾಕೆ ಅಂದರೆ, ಈ ಕಾರಿನ ಮುಂದಿನ ಸಸ್ಪೆನ್ಷನ್ ಪೂರ್ತಿ ಒಂದು ಸಬ್‌ಫ್ರೇಮಿನ, ಅಂದರೆ ಬಿಚ್ಚಬಹುದಾದ ಉಕ್ಕಿನ ಚೌಕಟ್ಟಿನ ಮೇಲೆ ಕೂತಿದೆ. ಮೇಲಿನ ಆರ್ಮ್, ಕೆಳಗಿನ ಆರ್ಮ್, ಸ್ಟೀರಿಂಗ್ ರ‍್ಯಾಕ್, ಎಂಜಿನ್ ಮೌಂಟ್ ಎಲ್ಲವೂ ಅದಕ್ಕೇ. ಆ ಸಬ್‌ಫ್ರೇಮ್ ಕಾರಿನ ಬಾಡಿಯ ಅಡಿಗೆ ಬೋಲ್ಟಿನಲ್ಲಿ ಕೂರುತ್ತದೆ. ಅದು ಬಾಗಿದ್ದರೆ ಬಿಚ್ಚಿ ಇನ್ನೊಂದು ಹಾಕಬಹುದು, ಮನೆಯಲ್ಲೇ ಆಗುವ ಕೆಲಸ. ಆದರೆ ಬಾಡಿಗೇ ಬೆಸೆದಿರುವ ಮುಂದಿನ ರೈಲುಗಳು (ಉದ್ದದ ಉಕ್ಕಿನ ತೊಲೆಗಳು) ಬಾಗಿದ್ದರೆ, ಎಳೆದು ನೇರ ಮಾಡುವ ಫ್ರೇಮ್ ಮಷೀನ್ ಇರುವ ಅಂಗಡಿಗೇ ಹೋಗಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಖರ್ಚು ಮಾತ್ರ ಅಜಗಜಾಂತರ.

ಅಳತೆಗೆ ದುಬಾರಿ ಸಾಮಾನು ಬೇಡ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸ್ಟೀರಿಂಗ್ ನೇರ ಮಾಡಿ. ಮೊದಲು ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ನೋಡಿ. ಕಂಪನಿಯ ಲೆಕ್ಕದಲ್ಲಿ 2265 ಮಿ.ಮೀ. ಎಡ ಬಲ ಎರಡೂ ಕಡೆ ಚಕ್ರದ ನಡುವಿನ ಹಬ್ಬಿನಿಂದ ಹಬ್ಬಿಗೆ ಅಳೆಯಿರಿ. ಚಕ್ರದ ಕೋನ ಹೊಂದಿಸುವ ಅಲೈನ್‌ಮೆಂಟ್ ಕ್ಯಾಮ್ ಬೋಲ್ಟ್ ಹೇಗೆ ಕೂತಿದೆ ಎನ್ನುವುದರ ಮೇಲೆ ಕೆಲವು ಮಿ.ಮೀ. ವ್ಯತ್ಯಾಸ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಬಲಗಡೆ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಚಕ್ರ ಹಿಂದಕ್ಕೆ ತಳ್ಳಿಸಿಕೊಂಡಿದೆ ಎಂದರ್ಥ. ಕಾರು ಬಲಕ್ಕೆ ಎಳೆಯುವುದೂ ಇದಕ್ಕೆ ಸರಿಹೊಂದುತ್ತದೆ. ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾದ ಕಡೆಗೇ ಕಾರು ವಾಲುತ್ತದೆ.

ಆಮೇಲೆ ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಏರಿಸಿ. ಗಾರೆ ಕೆಲಸದವರು ಬಳಸುವ ತೂಗುಗುಂಡು ಸಿಕ್ಕರೆ ಸಾಕು. ಬಾಡಿಯ ಅಡಿಯಲ್ಲಿ ಎಡ ಬಲ ಒಂದೇ ಜಾಗದಲ್ಲಿರುವ ತೂತುಗಳಿಂದ ದಾರ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳೆಯಿರಿ. ಎರಡೂ ಸಮ ಇದ್ದರೆ ಅರ್ಧ ಚಿಂತೆ ಕಳೆಯಿತು. ಮಾಜ್ದಾದ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿ ಅಡಿಭಾಗದ ಅಳತೆಗಳ ಚಿತ್ರ ಇದೆ, ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಬಾಗಿಲಿನ ಸಂದು ಮೇಲೆ ಅಗಲ, ಕೆಳಗೆ ಕಿರಿದು ಆಗಿದೆಯಾ? ಒಳಗಿನ ಫೆಂಡರ್ ತಗಡಿನಲ್ಲಿ ಸುಕ್ಕು ಬಿದ್ದಿದೆಯಾ? ಎರಡು ತಗಡು ಸೇರುವಲ್ಲಿ ಬಳಿದ ಸೀಲರ್ ಬಿರುಕು ಬಿಟ್ಟಿದೆಯಾ? ಬಿಟ್ಟಿದ್ದರೆ ಆ ಜಾಗ ಅಲುಗಾಡಿದೆ. ಒಂದು ಎಚ್ಚರ: ಸೀಟಿನ ಕೆಳಗೆ ಉದ್ದಕ್ಕೆ ಹೋಗುವ ರೈಲುಗಳು ಬಹುತೇಕ ಎಲ್ಲ ಹಳೇ ಮಿಯಾಟಾಗಳಲ್ಲೂ ಚಪ್ಪಟೆಯಾಗಿರುತ್ತವೆ. ಅದು ಜ್ಯಾಕ್ ತಪ್ಪು ಜಾಗಕ್ಕೆ ಕೊಟ್ಟಿದ್ದರ ಫಲ. ಅದನ್ನು ನೋಡಿ ಚಾಸಿ ಹೋಯಿತು ಎಂದುಕೊಳ್ಳಬೇಡಿ.

ಕೊನೆಯದಾಗಿ, ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂ ಚೌಕಟ್ಟು ಒಂದು ಇದೆ. ಪವರ್ ಪ್ಲಾಂಟ್ ಫ್ರೇಮ್ ಅನ್ನುತ್ತಾರೆ. ಎಂಜಿನ್ ಮೌಂಟ್ ಹರಿದಿದ್ದರೆ ಈ ಚೌಕಟ್ಟನ್ನೂ ಎರಡೂ ತುದಿಯಲ್ಲಿ ಟಾರ್ಚ್ ಹಿಡಿದು ನೋಡಿ, ಬಿರುಕು ಇರಬಾರದು.

ಸ್ಯಾಕ್ರಮೆಂಟೋದಿಂದ

ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಗದಪತ್ರದ ಕಡೆ ಹೇಳುತ್ತೇನೆ, ಇದರಲ್ಲಿ ಸಿಕ್ಕಿಕೊಂಡವರು ಜಾಸ್ತಿ.

ಟೋಟಲ್ ಲಾಸ್ ಅಂದರೆ ಕಾರು ಸತ್ತಿತು ಎಂದಲ್ಲ. ಕಾರಿನ ಮಾರುಕಟ್ಟೆ ಬೆಲೆಗಿಂತ ಬಾಡಿ ಶಾಪ್ ಬಿಲ್ ದುಬಾರಿ ಎಂದಷ್ಟೇ. ಮೂವತ್ತು ವರ್ಷ ದಾಟಿದ ಕಾರಿಗೆ ಫೆಂಡರ್, ಬಾನೆಟ್, ಪೇಂಟ್ ಸೇರಿದರೆ ಸಾಕು, ಆ ಗೆರೆ ದಾಟುತ್ತದೆ. ಸಹಿ ಹಾಕುವ ಮುಂಚೆ ಎರಡು ಕೆಲಸ ಮಾಡಿ. ಅವರು ಹೇಳಿದ ಬೆಲೆಯನ್ನು ಅಲ್ಲಿಗೇ ಒಪ್ಪಬೇಡಿ. ಅದೇ ವರ್ಷ, ಅದೇ ಸ್ಥಿತಿಯ ಕಾರುಗಳ ಮಾರಾಟದ ಜಾಹೀರಾತು ಕೂಡಿಸಿ ಕಳಿಸಿ. ನಿಮ್ಮ ಸರ್ವಿಸ್ ರಸೀದಿ, ಅಪಘಾತಕ್ಕೆ ಮುಂಚಿನ ಫೋಟೊ ಎಲ್ಲ ಸೇರಿಸಿ. ಹಳೇ ಮಿಯಾಟಾಗಳ ಬೆಲೆ ಈಗ ಏರಿದೆ, ಅದನ್ನು ತೋರಿಸಿಕೊಡುವ ಕೆಲಸ ನಿಮ್ಮದೇ. ಎರಡನೆಯದು, ಕಾರನ್ನು ನಾನೇ ಇಟ್ಟುಕೊಂಡರೆ ಎಷ್ಟು ಕಡಿತ ಎಂದು ಬರಹದಲ್ಲಿ ಕೇಳಿ.

ಇಟ್ಟುಕೊಂಡರೆ ಇಲ್ಲಿ ಟೋಟಲ್ ಲಾಸ್ ಆದ ಕಾರು ಎಂಬ ಸಾಲ್ವೇಜ್ ಸರ್ಟಿಫಿಕೇಟ್ ಆಗುತ್ತದೆ. ರಿಪೇರಿ ಆದ ಮೇಲೆ ಡಿಎಂವಿ (ರಾಜ್ಯದ ವಾಹನ ಇಲಾಖೆ) ತಪಾಸಣೆ, ಸುರಕ್ಷತಾ ತಪಾಸಣೆಯ ಪ್ರಮಾಣಪತ್ರ ಎಲ್ಲ ಆಗಿ ಮತ್ತೆ ರಸ್ತೆಗೆ ಬರಬೇಕು. ಆಮೇಲೂ ಟೈಟಲ್ (ಮಾಲೀಕತ್ವದ ಪತ್ರ) ಮೇಲೆ ಆ ಗುರುತು ಉಳಿದೇ ಉಳಿಯುತ್ತದೆ, ಮಾರುವಾಗ ಬೆಲೆ ಕಡಿಮೆ. ಕೊಂಡ ಪ್ರತಿಯೊಂದು ಪಾರ್ಟಿನ ರಸೀದಿ ಜೋಪಾನ ಮಾಡಿ, ಗುಜರಿಯಿಂದ ತಂದದ್ದಾದರೂ ಸರಿ. ಎಲ್ಲಿಂದ ಬಂತು ಎಂದು ಕೇಳಬಹುದು.

ಟರ್ಬೊ ಬಗ್ಗೆ: ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ (ಹೊಗೆ) ತಪಾಸಣೆ ಇದೆ. ನಿಮ್ಮ ಕಾರು ಅದರಲ್ಲಿ ಬರುತ್ತದೆ. ಬಾನೆಟ್ ತೆಗೆದು ಕಣ್ಣಿನಲ್ಲೂ ನೋಡುತ್ತಾರೆ. ಕಾರ್ಬ್ (ರಾಜ್ಯದ ವಾಯು ಮಂಡಳಿ) ಕೊಡುವ ಇ.ಒ. ಎಂಬ ಅನುಮೋದನೆ ಸಂಖ್ಯೆ ಇಲ್ಲದ ಟರ್ಬೊ ಕಿಟ್ ಇದ್ದರೆ ಹೊಗೆ ಎಷ್ಟೇ ಶುದ್ಧ ಇರಲಿ, ಫೇಲ್. ಕಿಟ್ಟಿಗೆ ದುಡ್ಡು ಕೊಡುವ ಮುಂಚೆ ಆ ಸಂಖ್ಯೆ ನಿಮ್ಮ ವರ್ಷಕ್ಕೆ, ನಿಮ್ಮ ಎಂಜಿನ್‌ಗೆ ಇದೆಯಾ ನೋಡಿ.

ಸಿಯಾಟಲ್‌ನಿಂದ

ನಾನು ನನ್ನ ಮಿಯಾಟಾದ ಬಾಡಿ ಕೆಲಸವನ್ನು ಹೆಚ್ಚೂ ಕಡಿಮೆ ನಾನೇ ಮಾಡಿಕೊಂಡವಳು. ಮುಂದಿನ ಫೆಂಡರುಗಳು ಬೋಲ್ಟಿನವು, ಬಂಪರ್ ಕವರ್ ಕೂಡ ಹಾಗೇ. ಅವು ಸುಲಭ. ಬಾನೆಟ್ ಅಲ್ಯೂಮಿನಿಯಂ. ಮೂಲೆ ಮಡಚಿದ್ದರೆ ತಟ್ಟಿ ನೇರ ಮಾಡಿಸಲು ಹೋಗಬೇಡಿ, ಆ ಲೋಹ ಒಮ್ಮೆ ಮಡಚಿದರೆ ಗಡಸಾಗಿ ಬಿರುಕು ಬಿಡುತ್ತದೆ. ಗುಜರಿಯಲ್ಲಿ ಒಳ್ಳೇದು ಹುಡುಕಿ. 1990ರಿಂದ 1997ರವರೆಗಿನ ಬಾನೆಟ್ ಕೂರುತ್ತದೆ.

ಈ ಕಾರಿನ ಹೆಡ್‌ಲೈಟ್ ಹಾಕಿದಾಗ ಮೇಲೆದ್ದು ಬರುವಂಥದ್ದು. ಬಲಗಡೆಯದು ಎದ್ದು ನಿಲ್ಲದಿದ್ದರೆ ಮೋಟಾರ್ ಸುಟ್ಟಿದೆ ಎಂದುಕೊಳ್ಳುವ ಮುಂಚೆ ಬ್ರಾಕೆಟ್ ಬಾಗಿದೆಯಾ ನೋಡಿ. ಮೋಟಾರಿನ ಮೇಲೆ ರಬ್ಬರ್ ಟೋಪಿ ಇದೆ, ಅದರ ಕೆಳಗಿನ ಗುಂಡಿಯನ್ನು ಕೈಯಲ್ಲಿ ತಿರುಗಿಸಿದರೆ ದೀಪ ಮೇಲೆ ಬರುತ್ತದೆ. ಎಲ್ಲಿ ಉಜ್ಜುತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ನನಗೆ ತುಂಬಾ ಕಾಳಜಿ. ಈ ಕಾರಿನ ಕೆಂಪು ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಡಬ್ಬಿಯ ಕೋಡ್ ನೋಡಿ ಹೊಸ ಫೆಂಡರಿಗೆ ಬಣ್ಣ ಹೊಡೆಸಿದರೆ ಪಕ್ಕದ ಬಾಗಿಲು ಗುಲಾಬಿ ಕಾಣುತ್ತದೆ. ಮೊದಲು ಇಡೀ ಹಳೇ ಬಣ್ಣವನ್ನು ಕಾಂಪೌಂಡ್ ಹಾಕಿ ಪಾಲಿಶ್ ಮಾಡಿಸಿ. ಒಳಗಿನ ನಿಜವಾದ ಕೆಂಪು ಮೇಲೆ ಬರಲಿ. ಅದಕ್ಕೆ ಹೊಂದಿಸಿ ಬಣ್ಣ ಕಲೆಸಲು ಹೇಳಿ, ಬಾಗಿಲಿನ ಮುಂದಿನ ಭಾಗಕ್ಕೆ ಸ್ವಲ್ಪ ಹರಡಿ ಬೆರೆಸಲು ಹೇಳಿ.

ಹಾಗೇ ಹಿಂದಿನ ಚಕ್ರದ ಮುಂದೆ, ಬಾಗಿಲಿನ ಕೆಳಗಿನ ಸಿಲ್‌ನಲ್ಲಿ ತುಕ್ಕು ಇದೆಯಾ ನೋಡಿಬಿಡಿ. ಸಾಫ್ಟ್ ಟಾಪಿನ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಅಲ್ಲಿ ಒಳಗಿನಿಂದಲೇ ಕೊರೆಯುತ್ತದೆ. ಅಲ್ಲಿ ತುಂಬಾ ಹಾಳಾಗಿದ್ದರೆ ಮುಂದಿನ ರಿಪೇರಿಗೆ ದುಡ್ಡು ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಕೇಳಿದವರು, ಸನ್ನಿವೇಲ್

ಎಲ್ಲರಿಗೂ ತುಂಬಾ ಧನ್ಯವಾದ. ಅಳತೆ ಮಾಡಿದೆ. ಬಲಗಡೆ ವೀಲ್‌ಬೇಸ್ ಎಡಕ್ಕಿಂತ 14 ಮಿ.ಮೀ. ಕಡಿಮೆ ಇದೆ. ಬಾಡಿಯ ಅಡಿಯ ಕರ್ಣಗಳು 2 ಮಿ.ಮೀ. ಒಳಗೆ ಸಮ ಇವೆ. ಬಾಗಿಲಿನ ಸಂದು ಸರಿಯಾಗಿದೆ, ಸೀಲರ್ ಬಿರುಕಿಲ್ಲ. ಕೆಳಗಿನ ಆರ್ಮ್ ಬಾಗಿರುವುದು ಕಣ್ಣಿಗೇ ಕಾಣುತ್ತದೆ. ಸಬ್‌ಫ್ರೇಮಿನಲ್ಲಿ ಆರ್ಮ್ ಕೂರುವ ಕಿವಿಯೂ ಸ್ವಲ್ಪ ತಿರುಚಿದೆ. ಸಿಲ್‌ಗಳಲ್ಲಿ ತುಕ್ಕಿಲ್ಲ. ವಿಮೆಯವರ ಜೊತೆ ಬೆಲೆಯ ಮಾತು ನಡೆಯುತ್ತಿದೆ.

ಫ್ರೀಮಾಂಟ್‌ನಿಂದ

ಬಹಳ ಒಳ್ಳೇ ಸುದ್ದಿ! ಬಾಡಿ ನೇರ ಇದೆ. ಸಬ್‌ಫ್ರೇಮ್, ಬಲಗಡೆಯ ಎರಡೂ ಆರ್ಮ್, ನಕಲ್ (ಚಕ್ರದ ಹಬ್ ಕೂರುವ ಲೋಹದ ತುಂಡು), ಹಬ್, ಟೈ ರಾಡ್ ಇಷ್ಟನ್ನೂ ಒಂದೇ ಗುಜರಿ ಕಾರಿನಿಂದ ತನ್ನಿ. ಮುಂಭಾಗ ಗುದ್ದಿರುವ ಕಾರಿನದು ಬೇಡ, ಹಿಂದಿನಿಂದ ಗುದ್ದಿಸಿಕೊಂಡದ್ದನ್ನು ಹುಡುಕಿ. ನಕಲ್ ನೋಡಲು ನೇರ ಇದೆ ಎಂದು ಹಳೆಯದನ್ನೇ ಉಳಿಸಬೇಡಿ. ಅದು ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ, ಅಲೈನ್‌ಮೆಂಟ್ ಮಷೀನಿಗೆ ಮಾತ್ರ ಕಾಣುತ್ತದೆ. ಸ್ಟೀರಿಂಗ್ ರ‍್ಯಾಕಿನ ಬಲಗಡೆ ರಾಡ್ ಪೂರ್ತಿ ಹೊರಗೆ ಬಂದಾಗ ಬಾಗಿದೆಯಾ ನೋಡಿ. ಕ್ಯಾಮ್ ಬೋಲ್ಟುಗಳು ಬುಷ್ಷಿನೊಳಗೆ (ಆರ್ಮ್ ತಿರುಗುವ ಜಾಗದ ರಬ್ಬರ್ ಕೊಳವೆ) ತುಕ್ಕು ಹಿಡಿದು ಕೂತಿರುತ್ತವೆ. ಕೆಲವು ದಿನ ಮೊದಲೇ ಎಣ್ಣೆ ಬಿಡುತ್ತಾ ಬನ್ನಿ. ಹೊಸ ಕ್ಯಾಮ್ ಬೋಲ್ಟ್ ತರಿಸಿಕೊಂಡರೆ ಇನ್ನೂ ಒಳ್ಳೇದು.

ಸಬ್‌ಫ್ರೇಮ್ ಇಳಿಸುವಾಗ ಎಂಜಿನ್ನನ್ನು ಮೇಲಿನಿಂದ ಹಿಡಿದುಕೊಳ್ಳುವ ಬಾರ್ ಬೇಕು, ಬಾಡಿಗೆಗೆ ಸಿಗುತ್ತದೆ. ಸಬ್‌ಫ್ರೇಮ್ ಹೊರಗಿದ್ದಾಗಲೇ ಬುಷ್, ಬಾಲ್ ಜಾಯಿಂಟ್, ಎಂಜಿನ್ ಮೌಂಟ್ ಬದಲಿಸಿ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕಾರು ನೆಲದ ಮೇಲೆ ತನ್ನ ತೂಕದಲ್ಲಿ ನಿಂತ ಎತ್ತರದಲ್ಲೇ ಬಿಗಿ ಮಾಡಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮುಂಭಾಗ ಬಿಚ್ಚಿದಾಗ ಎಂಜಿನ್ನಿನ ಮುಂದಿನ ಭಾಗವೂ ಕೈಗೆ ಸಿಗುತ್ತದೆ. ಟೈಮಿಂಗ್ ಬೆಲ್ಟಿಗೆ 60,000 ಮೈಲಿ ಲೆಕ್ಕ. ಜೊತೆಗೆ ವಾಟರ್ ಪಂಪ್, ಸೀಲ್‌ಗಳು. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯಸ್ಸು ಮುಗಿದಿದೆ, ಗುದ್ದಿದ ಮೇಲಂತೂ ಬದಲಿಸಲೇಬೇಕು. ನಿಮ್ಮದು 1991 ಆದ್ದರಿಂದ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿಯ ಪುಲ್ಲಿ ನೋಡಿ. ನಾಲ್ಕು ಸೀಳು ಇದ್ದರೆ ಹಳೇ ಸಣ್ಣ ಮೂತಿಯ ಕ್ರ್ಯಾಂಕ್, ಎಂಟು ಇದ್ದರೆ ಆಮೇಲಿನ ಗಟ್ಟಿಯಾದದ್ದು. ಸಣ್ಣ ಮೂತಿಯದರಲ್ಲಿ ಕೀ ಕೂರುವ ಜಾಗ ಸವೆದು ಪುಲ್ಲಿ ಅಲ್ಲಾಡುತ್ತದೆ. ಎಂಜಿನ್ ಓಡುವಾಗ ಪುಲ್ಲಿ ತೂಗಾಡಿದರೆ, ಟರ್ಬೊ ಯೋಚನೆ ಅಲ್ಲಿಗೇ ಬಿಡಿ, ಮೊದಲು ಕ್ರ್ಯಾಂಕ್ ನೋಡಿಸಿ.

ಇನ್ನು ಅಪ್‌ಗ್ರೇಡ್. ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಅದಕ್ಕೇ ಇದಕ್ಕೆ ಹಾಕಿದ ಒಳ್ಳೇ ಟೈರ್ ಕೊಡುವ ವ್ಯತ್ಯಾಸವನ್ನು ಬೇರೆ ಯಾವ ಪಾರ್ಟೂ ಕೊಡುವುದಿಲ್ಲ. ಹೈವೇ 9ರಲ್ಲಿ ಜಾರಿದ್ದು ಹಳೇ ಗಟ್ಟಿ ಟೈರಾ ಎಂದು ಟೈರಿನ ಮೇಲಿನ ತಯಾರಿಕೆಯ ತಾರೀಖು ನೋಡಿ. ಆಮೇಲೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ಬ್ರೇಕಿಗೆ ಒಳ್ಳೇ ಪ್ಯಾಡ್, ಹೊಸ ಫ್ಲೂಯಿಡ್ ರಸ್ತೆಗೆ ಸಾಕು. ದೊಡ್ಡದು ಬೇಕೇ ಬೇಕು ಎಂದರೆ 1994ರ ನಂತರದ 1.8 ಕಾರಿನ ಡಿಸ್ಕ್, ಬ್ರಾಕೆಟ್ ಗುಜರಿಯಿಂದ ತನ್ನಿ. ಮುಂದಿನ ಡಿಸ್ಕ್ 235ರಿಂದ 255 ಮಿ.ಮೀ. ಆಗುತ್ತದೆ. ಚಪ್ಪಟೆಯಾದ ಫ್ಲೋರ್ ರೈಲುಗಳ ಮೇಲೆ ಬೋಲ್ಟ್ ಮಾಡುವ ಉಕ್ಕಿನ ರೈಲು ಸಿಗುತ್ತದೆ, ಅದು ನನಗೆ ಬಹಳ ಇಷ್ಟವಾದ ಖರ್ಚು. ಬಾಗಿಲು ಮುಚ್ಚುವ ಸದ್ದೇ ಬೇರೆ ಆಗುತ್ತದೆ. ರೋಲ್ ಬಾರ್ ಹಾಕಿಸಿ, ತಲೆಗೆ ತಾಗದಂತೆ ಪ್ಯಾಡಿಂಗ್ ಇರಲಿ. ಪೂರ್ತಿ ಕೇಜ್ ಮಾತ್ರ ರಸ್ತೆಯ ಕಾರಿಗೆ ಬೇಡ, ಹೆಲ್ಮೆಟ್ ಇಲ್ಲದ ತಲೆಗೆ ಆ ಪೈಪು ಅಪಾಯ.

ಒರಿಜಿನಲ್ ಸಾಮಾನು ಬೇಕೆನ್ನುವವರಿಗೆ ಒಂದು ವಿಷಯ. 2017ರಲ್ಲಿ ಮಾಜ್ದಾ ಕಂಪನಿಯೇ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರಿಗೆ ರಿಸ್ಟೋರೇಶನ್ ಸೇವೆ ಘೋಷಿಸಿತು. ಅದರ ಜೊತೆ ಸಾಫ್ಟ್ ಟಾಪ್, ನಾರ್ಡಿ ಸ್ಟೀರಿಂಗ್, 185/60 ಆರ್ 14 ಅಳತೆಯ ಬ್ರಿಡ್ಜ್‌ಸ್ಟೋನ್ ಟೈರ್ ಇವೆಲ್ಲ ಮತ್ತೆ ತಯಾರಾದವು. ಡೀಲರ್ ಹತ್ತಿರ ಪಾರ್ಟ್ ನಂಬರ್ ಕೊಟ್ಟು ಕೇಳಿ. ಸಿಗುವುದಿಲ್ಲ ಎಂದುಕೊಂಡ ಎಷ್ಟೋ ಸಾಮಾನು ಸಿಗುತ್ತದೆ.

ಸ್ಯಾಕ್ರಮೆಂಟೋದಿಂದ

ಸೀಟ್ ಬೆಲ್ಟ್ ಮರೆಯಬೇಡಿ. ಗುದ್ದಿದಾಗ ನಿಮ್ಮನ್ನು ಹಿಡಿದ ಬೆಲ್ಟ್ ಎಳೆದುಕೊಂಡಿರುತ್ತದೆ. ಪೂರ್ತಿ ಹೊರಗೆಳೆದು ಅಂಚು ನೋಡಿ, ಬದಲಿಸಿದರೆ ಇನ್ನೂ ಕ್ಷೇಮ. ಏರ್‌ಬ್ಯಾಗ್ ದೀಪ ಕೀ ತಿರುಗಿಸಿದಾಗ ಹತ್ತಿ ಆರಬೇಕು. ಮಿನುಗುತ್ತಿದ್ದರೆ ಎಷ್ಟು ಸಲ ಎಂದು ಎಣಿಸಿ, ಮ್ಯಾನುಯಲ್‌ನಲ್ಲಿ ಆ ಕೋಡಿಗೆ ಅರ್ಥ ಇದೆ.

ಫ್ರೀಮಾಂಟ್‌ನಿಂದ

ಹೌದು, ಅದು ಮುಖ್ಯ. ಎಲ್ಲ ಕಟ್ಟಿದ ಮೇಲೆ ಅಲೈನ್‌ಮೆಂಟಿಗೆ ಹೋದಾಗ ಡ್ರೈವರ್ ಸೀಟಿನಲ್ಲಿ ನೀವೇ ಕೂತಿರಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ. ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವ ಕೋನ) ಮುಂದಿಗಿಂತ ಹಿಂದೆ ಸ್ವಲ್ಪ ಜಾಸ್ತಿ, ಕ್ಯಾಸ್ಟರ್ ಎಡ ಬಲ ಸಮ ಇರಬೇಕು. ಬಲಗಡೆ ಕ್ಯಾಮ್ ಬೋಲ್ಟನ್ನು ಕೊನೆಯವರೆಗೆ ತಿರುಗಿಸಿದರೆ ಮಾತ್ರ ಸಮ ಬರುತ್ತದೆ ಎಂದು ಮೆಕ್ಯಾನಿಕ್ ಹೇಳಿದರೆ, ಇನ್ನೂ ಏನೋ ಬಾಗಿ ಉಳಿದಿದೆ. ಆಗ ಪೇಂಟಿಗೆ ಕಳಿಸಬೇಡಿ. ಆ ರಿಪೋರ್ಟ್ ಕಾಗದವನ್ನು ಇಲ್ಲಿ ಹಾಕಿ, ಕೂತು ನೋಡೋಣ.