ಕಠ್ಮಂಡುವಿನ ಇಂದ್ರಜಾತ್ರೆಗೆ ಅಮ್ಮನ ಜೊತೆ ನಾಲ್ಕು ದಿನ: ಗೊತ್ತಿದ್ದವರು ಹೇಳಿ

ಅಮ್ಮನಿಗೆ 68, ಮಂಡಿನೋವಿದೆ. ಸಸ್ಯಾಹಾರಿಗಳು. ಎಂಟು ದಿನದ ಜಾತ್ರೆಯಲ್ಲಿ ಯಾವ ನಾಲ್ಕು ದಿನ ಹೋಗಬೇಕು, ಎಲ್ಲಿ ನಿಲ್ಲಬೇಕು, ಕಾಗದಪತ್ರ ಏನು ಬೇಕು?

ಉತ್ತರ 1
ಮೊದಲು ನಮ್ಮ ಪಂಚಾಂಗ ತೆಗೀರಿ. ಜಾತ್ರೆ ಭಾದ್ರಪದ ಶುಕ್ಲ ದ್ವಾದಶಿಗೆ ಶುರು, ಅಂದರೆ ಗಣೇಶನ ಹಬ್ಬವಾಗಿ ಸುಮಾರು ಎಂಟು ದಿನಕ್ಕೆ. ಜೀವಂತ ದೇವಿ ಅಂತ ಪೂಜಿಸೋ ಪುಟ್ಟ ಹುಡುಗಿ ಕುಮಾರಿ; ಅವಳ ರಥ ಮೂರು ದಿನ ಎಳೀತಾರೆ: ನಮ್ಮ ಅನಂತಪದ್ಮನಾಭ ವ್ರತದ ಚತುರ್ದಶಿಗೆ ದಕ್ಷಿಣದ ಕೇರಿಗಳಲ್ಲಿ, ಹುಣ್ಣಿಮೆಗೆ ಉತ್ತರದಲ್ಲಿ, ಕೃಷ್ಣ ಚೌತಿಗೆ ಕಿಲಾಗಲ್ ಕಡೆ. ತಿಥಿ ಒಂದು ದಿನ ಆಚೀಚೆ ಆಗಬಹುದು, ನೇಪಾಳದ ಪ್ರಕಟಣೆ ನೋಡಿಯೇ ಟಿಕೆಟ್ ಮಾಡಿ.

ನನ್ನ ಪ್ರಕಾರ ಏಕಾದಶಿ ಸಂಜೆ ತಲುಪಿ, ಚತುರ್ದಶಿ ಮುಗಿಸಿ ಹೊರಡಿ. ದ್ವಾದಶಿ ಬೆಳಿಗ್ಗೆ ಹಳೇ ಅರಮನೆ ಹನುಮಾನ್ ಢೋಕಾದ ಮುಂದೆ ‘ಲಿಂಗೊ’ ಕಂಬ ನಿಲ್ಲಿಸ್ತಾರೆ. ನಾಲಾ ಅನ್ನೋ ಊರಿನ ಕಾಡಿನಿಂದ ತಂದ ಉದ್ದನೆ ಮರ, ಹಗ್ಗ ಕಟ್ಟಿ ಜನರೇ ಎಬ್ಬಿಸೋದು. ಮುಹೂರ್ತ ವರ್ಷವರ್ಷಕ್ಕೆ ಬೇರೆ, ಹಿಂದಿನ ದಿನವೇ ಹೋಟೆಲಿನವರನ್ನು ಕೇಳಿ. ಅದೇ ಸಂಜೆ ‘ಉಪಾಕು’: ಆ ವರ್ಷ ಮನೆಯಲ್ಲಿ ಸಾವಾದವರು ದೀಪ ಹಚ್ಚಿಕೊಂಡು ಹಳೇ ಪಟ್ಟಣದ ಸುತ್ತ ನಡೀತಾರೆ. ಅಲ್ಲಿ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ.

ಉತ್ತರ 2
ಮಂಡಿನೋವಿನವರಿಗೆ ಚತುರ್ದಶಿ ಬೇಡವೇ ಬೇಡ. ಅವತ್ತು ರಾಷ್ಟ್ರಪತಿ ಬರ್ತಾರೆ, ಅರಮನೆ ಪಕ್ಕದ ಬಸಂತಪುರದ ಸುತ್ತ ರಸ್ತೆ ಮುಚ್ಚಿಬಿಡ್ತಾರೆ, ಟ್ಯಾಕ್ಸಿ ಹತ್ತಿರಕ್ಕೂ ಸುಳಿಯಲ್ಲ. ಗುಡಿಯ ಜಗಲಿ ಮೆಟ್ಟಿಲು ಹತ್ತಿ ಕೂತರೆ ನೋಟ ಚೆಂದ ನಿಜ, ಆದರೆ ತುಂಬಿದ ಮೇಲೆ ಶೌಚಕ್ಕೂ ಇಳಿಯೋಕಾಗಲ್ಲ. ಬದಲಿಗೆ ಕೊನೆಯ ನಾಲ್ಕು ದಿನ ಇಟ್ಟುಕೊಂಡು ಚೌತಿಯ ರಥ ನೋಡಿಸಿ. ಮೊದಲ ದಿನದಷ್ಟು ನೂಕುನುಗ್ಗಲು ಇರಲ್ಲ, ಅದೇ ಕುಮಾರಿ, ಅದೇ ರಥ. ಹುಣ್ಣಿಮೆಯ ರಥ ಅಸನ್, ಇಂದ್ರಚೌಕದ ಇಕ್ಕಟ್ಟಿನಲ್ಲಿ ಬರುತ್ತೆ, ಅದನ್ನು ಮಹಡಿ ಮೇಲಿನ ಕಿಟಕಿಯಿಂದ ನೋಡೋದೇ ವಾಸಿ.

ರಥಗಳು ಮೂರು, ಗಣೇಶ ಮತ್ತು ಭೈರವನ ವೇಷದ ಹುಡುಗರದ್ದು ಎರಡು, ಕುಮಾರಿಯದ್ದು ಒಂದು. ಮೊದಲನೆಯದು ಬಂದ ಕೂಡಲೇ ಮುಗೀತು ಅಂತ ಎದ್ದು ಹೋಗಬೇಡಿ. ತಿರುವಿನ ಹೊರಬದಿಯಲ್ಲೂ ನಿಲ್ಲಬೇಡಿ: ನಿಂತ ರಥ ಹಗ್ಗ ಜಗ್ಗಿದ ಕೂಡಲೇ ಧುತ್ತನೆ ನುಗ್ಗುತ್ತೆ, ಜನ ಹಿಂದಕ್ಕೆ ಒತ್ತೋದು ಆ ಕಡೆಗೇ.

ಉತ್ತರ 3
ರಥ ಒಂದೇ ಜಾತ್ರೆಯಲ್ಲ. ಸಂಜೆ ಹೊತ್ತು ಹನುಮಾನ್ ಢೋಕಾದ ಶ್ವೇತಭೈರವನ ಹತ್ತಿರ ಹೋಗಿ. ವರ್ಷವಿಡೀ ಮರದ ಜಾಲರಿ ಹಿಂದೆ ಇರೋ ಆ ದೈತ್ಯ ಮುಖವನ್ನು ತೆರೆಯೋದು ಈ ದಿನಗಳಲ್ಲಿ. ಬಾಯಿಗಿಟ್ಟ ಕೊಳವೆಯಿಂದ ಅಕ್ಕಿಯ ಹೆಂಡ ಸುರಿಯುತ್ತೆ, ಕೆಳಗೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಏರಿ ಬಾಯೊಡ್ಡುತ್ತಾರೆ. ಅದರೊಳಗೊಂದು ಜೀವಂತ ಮೀನೂ ಬಿಟ್ಟಿರ್ತಾರೆ, ಸಿಕ್ಕವನಿಗೆ ಅದೃಷ್ಟ. ಅಮ್ಮನನ್ನು ದೂರ ನಿಲ್ಲಿಸಿ, ಬಟ್ಟೆಗೆ ಹೆಂಡದ ವಾಸನೆ ಖಚಿತ!

‘ಪುಲುಕಿಸಿ’ ಅಂದರೆ ಬಿದಿರಿನ ಬುಟ್ಟಿಯಂಥ ಮೈಯ ಐರಾವತ, ಒಳಗೆ ಇಬ್ಬರು. ಹೇಳದೆ ಕೇಳದೆ ಗುಂಪಿಗೆ ನುಗ್ಗುತ್ತೆ, ಗೋಡೆಗೆ ಒರಗಿ ನಿಲ್ಲಿ.

ಉತ್ತರ 4
ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಬ್ಬರದ್ದೂ ಇರಲಿ, ವಿಮಾನದಲ್ಲಿ ಹೋಗೋದಾದರೆ ಬರೀ ಆಧಾರ್ ನಂಬಬೇಡಿ. ಅರಮನೆ ಮುಂದಿನ ದರ್ಬಾರ್ ಚೌಕದ ಟಿಕೆಟ್ ಸಾರ್ಕ್ (ಭಾರತವೂ ಸೇರಿದ ದಕ್ಷಿಣ ಏಷ್ಯಾ ಕೂಟ) ದೇಶದವರಿಗೆ ಕಡಿಮೆ, ಅದಕ್ಕೂ ಅದೇ ಚೀಟಿ ತೋರಿಸಿ. ನಮ್ಮ 100 ರೂಪಾಯಿಗೆ ಅಲ್ಲಿನ 160, ನೂರರ ನೋಟುಗಳೇ ಇಟ್ಕೊಳ್ಳಿ. ಗಡಿಯಾರ 15 ನಿಮಿಷ ಮುಂದೆ ಮಾಡಿ.

ಊಟಕ್ಕೆ ‘ಸಮಯ್ ಬಜಿ’ ಕೊಡ್ತಾರೆ: ಅವಲಕ್ಕಿ, ಹುರಿದ ಕಪ್ಪು ಸೋಯಾ, ಶುಂಠಿ, ಜೊತೆಗೆ ಮಾಂಸ, ಮೊಟ್ಟೆ, ಒಣಮೀನು. ಬಡಿಸೋ ಮುಂಚೆಯೇ ಹೇಳಿ, ಬಡಿಸಿದ ಮೇಲೆ ಆರಿಸಿ ತಿನ್ನೋಕಾಗಲ್ಲ. ಮಳೆಗಾಲ ಪೂರ್ತಿ ಮುಗಿದಿರಲ್ಲ, ಚಪ್ಪಡಿಕಲ್ಲು ಜಾರುತ್ತೆ. ಅಮ್ಮನಿಗೆ ಹಿಡಿತ ಇರೋ ಚಪ್ಪಲಿ ಹಾಕಿಸಿ.

ರಥವಿಲ್ಲದ ದಿನ ಬೆಳಿಗ್ಗೆಯೇ ಪಶುಪತಿನಾಥಕ್ಕೆ ಕರ್ಕೊಂಡು ಹೋಗಿ. ಅಲ್ಲಿನ ಮುಖ್ಯ ಅರ್ಚಕರು ನಮ್ಮ ಕಡೆಯಿಂದ ಹೋದ ಭಟ್ಟರು, ಅಮ್ಮನಿಗೆ ಖುಷಿಯಾಗುತ್ತೆ. ಚರ್ಮದ ಬೆಲ್ಟು, ಪರ್ಸು ರೂಮಿನಲ್ಲೇ ಬಿಟ್ಟು ಹೋಗಿ, ಬಾಗಿಲಲ್ಲಿ ತಡೀತಾರೆ.