ಫೇಜ್‌ಗೆ ‘ಬ್ಯಾಕ್ಟೀರಿಯಾ ಭಕ್ಷಕ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕುಮಟಾ ಕಡೆ ಸಿಗಡಿ ಸಾಕೋರಿಗೆ ಒಂದು ಕರಪತ್ರ ಬರೀತಾ ಇದ್ದೇನೆ, ಎರಡು ಪದಕ್ಕೆ ನಿಮ್ಮ ಸಲಹೆ ಬೇಕು.

ಮೊದಲನೇದು ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್, ಅಂದ್ರೆ ಬ್ಯಾಕ್ಟೀರಿಯಾಕ್ಕೆ ಹತ್ತಿ ಅದನ್ನ ಕೊಲ್ಲೋ ವೈರಸ್. 1917ರಲ್ಲಿ ಫೆಲಿಕ್ಸ್ ಡಿಹೆರೆಲ್ ಅನ್ನೋ ವಿಜ್ಞಾನಿ ಈ ಹೆಸರಿಟ್ಟಿದ್ದು ಗ್ರೀಕಿನ ‘ತಿನ್ನು’ ಅನ್ನೋ ಪದದಿಂದ, ಹಾಗಾಗಿ ‘ಬ್ಯಾಕ್ಟೀರಿಯಾ ಭಕ್ಷಕ’ ಅಂತ ಮಾಡಿದ್ರೆ ಪದಕ್ಕೆ ಪದ ಸರಿ ಹೋಗ್ತದೆ. ಆದ್ರೆ ಅದು ತಿನ್ನೋದೇ ಇಲ್ವಲ್ಲ! ಬ್ಯಾಕ್ಟೀರಿಯಾದ ಮೇಲೆ ಕೂತು ಇಂಜೆಕ್ಷನ್ ಚುಚ್ಚಿದ ಹಾಗೆ ತನ್ನ ಡಿಎನ್‌ಎ ಒಳಗೆ ಬಿಡ್ತದೆ, ಆಮೇಲೆ ಆ ಬ್ಯಾಕ್ಟೀರಿಯಾದ ಕೈಯಲ್ಲೇ ತನ್ನಂಥ ಹತ್ತಾರು ಫೇಜ್ ಮಾಡಿಸಿ ಅದನ್ನ ಒಡೆದು ಹೊರಗೆ ಬರ್ತದೆ, ಬಂದವು ಪಕ್ಕದ್ದಕ್ಕೆ ಹತ್ತುತ್ತವೆ. ಅದೂ ತನಗೆ ಒಗ್ಗೋ ಜಾತಿ ಸಿಕ್ಕಿದ್ರೆ ಮಾತ್ರ, ಬೇರೆ ಬ್ಯಾಕ್ಟೀರಿಯಾನ ಮುಟ್ಟೋದಿಲ್ಲ. ‘ಭಕ್ಷಕ’ ಅಂದ್ರೆ ಸಿಕ್ಕಿದ್ದೆಲ್ಲ ನುಂಗ್ತದೆ ಅಂತ ಅರ್ಥ ಆಗಿಬಿಡ್ತದೆ.

ಹಾಗಂತ ‘ವೈರಸ್’ ಅಂತ ಬರೆಯೋಕೂ ಹೆದರಿಕೆ. ಸಿಗಡಿ ಸಾಕೋರಿಗೆ ವೈರಸ್ ಅಂದ್ರೆ ವೈಟ್ ಸ್ಪಾಟ್ (ಸಿಗಡಿಯ ಬಿಳಿ ಚುಕ್ಕೆ ರೋಗ), ಬಂತು ಅಂದ್ರೆ ಕೆಲವೇ ದಿನದಲ್ಲಿ ಹೊಂಡಕ್ಕೆ ಹೊಂಡವೇ ಖಾಲಿ. ಅಂಥವ್ರಿಗೆ ರೋಗದ ಬ್ಯಾಕ್ಟೀರಿಯಾ ಕೊಲ್ಲೋಕೆ ಮರಿ ತೊಟ್ಟಿಗೆ ವೈರಸ್ ಹಾಕ್ತಾರೆ ಅಂದ್ರೆ ಮುಂದೆ ಓದ್ತಾರಾ? ಆದ್ರೆ ಓದಲೇಬೇಕಾದ ವಿಷಯ ಇದು. ವಿಬ್ರಿಯೋ ಹಾರ್ವೆಯಿ ಅನ್ನೋ ಬ್ಯಾಕ್ಟೀರಿಯಾ ಹತ್ತಿದ ಮರಿಗಳು ರಾತ್ರಿ ಲೈಟ್ ಆರಿಸಿದ್ರೆ ತೊಟ್ಟಿಯಲ್ಲಿ ಹೊಳೀತಾವೆ, ಆಮೇಲೆ ರಾಶಿ ರಾಶಿ ಸಾಯ್ತವೆ, ಅದಕ್ಕೆ ಆ್ಯಂಟಿಬಯೋಟಿಕ್ ಸುರಿದೂ ಸುರಿದೂ ಈಗ ಅದೂ ನಾಟೋದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನವ್ರು 2006-07ರ ಹೊತ್ತಿಗೇ ಇದರ ಮೇಲೆ ಫೇಜ್ ಪ್ರಯೋಗ ಮಾಡಿದ್ರು, ಆ್ಯಂಟಿಬಯೋಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಹಾಕಿದ ತೊಟ್ಟಿಯಲ್ಲಿ ಜಾಸ್ತಿ ಮರಿ ಉಳಿದ್ವು. ಮನುಷ್ಯರ ಚಿಕಿತ್ಸೆಗೂ ಜಾರ್ಜಿಯಾದ ಟಿಬಿಲಿಸಿಯಲ್ಲಿ ಇದನ್ನ ಎಷ್ಟೋ ದಶಕದಿಂದ ಬಳಸ್ತಾ ಬಂದಿದ್ದಾರೆ.

ಸದ್ಯಕ್ಕೆ ಫೇಜ್ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ‘ಬ್ಯಾಕ್ಟೀರಿಯಾಕ್ಕೆ ಮಾತ್ರ ಹತ್ತೋ ವೈರಸ್, ಸಿಗಡಿಗೂ ಮನುಷ್ಯರಿಗೂ ಹತ್ತೋದಿಲ್ಲ’ ಅಂತ ಸೇರಿಸಿದ್ದೇನೆ.

ಎರಡನೇದು ‘ಪ್ರತಿಜೀವಕ ಪ್ರತಿರೋಧ’, ಅಂದ್ರೆ ಆ್ಯಂಟಿಬಯೋಟಿಕ್ ಹಾಕಿದ್ರೂ ಬ್ಯಾಕ್ಟೀರಿಯಾ ಸಾಯದೇ ಇರೋದು. ಇದನ್ನ ಓದಿದ ಇಬ್ಬರು ರೋಗನಿರೋಧಕ ಶಕ್ತಿ ಅಂತ ತಿಳ್ಕೊಂಡು ಒಳ್ಳೇದೇ ಅಲ್ವಾ ಅಂದ್ರು. ಮೈಗೆ ಬರೋ ಶಕ್ತಿ ಅಲ್ಲ, ಬ್ಯಾಕ್ಟೀರಿಯಾಕ್ಕೆ ಬರೋ ಶಕ್ತಿ ಅನ್ನೋದು ಪದದಲ್ಲೇ ಕಾಣ್ಬೇಕು. ‘ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ’ ಅಂದ್ರೆ ನಮ್ಮ ಕಡೆ ಎಲ್ಲರಿಗೂ ತಿಳೀತದೆ, ನಾನಂತೂ ಅದಕ್ಕೇ ಒಲವು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವ್ರು ಹೇಳಿ, ನಿಮ್ಮಲ್ಲಿ ಇದಕ್ಕೆ ಬೇರೆ ಮಾತು ಉಂಟಾ? ಮುಂದಿನ ವಾರ ಪ್ರೆಸ್ಸಿಗೆ ಕೊಡ್ಬೇಕು.