3 ಅಡಿ ಟ್ಯಾಂಕಿನಲ್ಲಿ ನೀಮೋ, ಡೋರಿ ಇಬ್ಬರನ್ನೂ ಇಡಬಹುದಾ? (ಕಾರವಾರ)

ಬೇಲೆಗಾಳಿ:

3×1.5×1.5 ಅಡಿಯ ಗಾಜಿನ ಟ್ಯಾಂಕ್ ಖಾಲಿ ಇದೆ. ಮಕ್ಕಳು ರಜೆಯಲ್ಲಿ ‘ಫೈಂಡಿಂಗ್ ನೀಮೋ’, ‘ಫೈಂಡಿಂಗ್ ಡೋರಿ’ ಎರಡೂ ನೋಡಿ ಪಟ್ಟಿ ಕೊಟ್ಟಿದ್ದಾರೆ. ನೀಮೋ ಎರಡು, ಡೋರಿ ಒಂದು, ದಂತವೈದ್ಯರ ಟ್ಯಾಂಕಿನಲ್ಲಿದ್ದ ಉಬ್ಬುವ ಪಫರ್, ಪಟ್ಟೆಪಟ್ಟೆಯ ಗಿಲ್, ಕೆಂಪು-ಬಿಳಿ ಶೆಟ್ಲಿ (ಸೀಗಡಿ), ನಕ್ಷತ್ರ ಮೀನು, ನೀಮೋಗೆ ಮನೆಯಾಗಿ ಒಂದು ಅನಿಮೋನ್ (ಹೂವಿನಂತೆ ಕಾಣುವ ಕಡಲ ಜೀವಿ). ಸಿಹಿನೀರಿನ ಮೀನು ಸಾಕುವುದು ಗೊತ್ತು, ಉಪ್ಪುನೀರು ಹೊಸತು.

ಇದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? ಸಮುದ್ರ ಮನೆಯಿಂದ ಅರ್ಧ ಕಿಲೋಮೀಟರ್, ನೀರನ್ನು ಅಲ್ಲಿಂದಲೇ ತಂದರೆ ಸಾಕಲ್ಲವೇ? ಕಡಿಮೆ ಬಿದ್ದರೆ ಸಾಣಿಕಟ್ಟಾದ ಹರಳುಪ್ಪು ಕದಡಬಹುದಾ? ಕಲ್ಲು-ಹವಳದ ಚೂರು ನೇತ್ರಾಣಿ ದ್ವೀಪದ ಕಡೆ ಹೋಗುವ ದೋಣಿಯವರಿಂದ ಸಿಗಬಹುದೇ?

ಕಾಳಿಸಂಗಮ:

ಕೊನೆಯದಕ್ಕೆ ಮೊದಲು ಉತ್ತರ: ನೇತ್ರಾಣಿಯಿಂದ ಒಂದು ಚೂರೂ ತರಿಸಬೇಡಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಸಮುದ್ರ ಬೀಸಣಿಗೆ, ಕಡಲ ಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಸತ್ತ ಹವಳ ತಾನೇ ಎಂಬ ವಾದ ನಡೆಯುವುದಿಲ್ಲ. ಟ್ಯಾಂಕಿಗೆ ಬೇಕಾದದ್ದು ಬ್ಯಾಕ್ಟೀರಿಯಾ ಕೂರಲು ರಂಧ್ರಗಳಿರುವ ಮೈ. ಸೆರಾಮಿಕ್ ಕಲ್ಲು 12-15 ಕಿಲೋ ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಬೇಲೆಯ (ಕಡಲತೀರದ) ಮರಳೂ ಬೇಡ. ಅದು ಸಿಲಿಕಾ, ಪಿಎಚ್ ಹಿಡಿದಿಡುವುದಿಲ್ಲ. ಒಂದು ಮುಷ್ಟಿಗೆ ಆಯಸ್ಕಾಂತ ಹಿಡಿದು ನೋಡಿ, ಕರಿ ಕಣಗಳು ಎಷ್ಟು ಅಂಟುತ್ತವೆ ಎಂದು ತಿಳಿಯುತ್ತದೆ. ಅಘನಾಶಿನಿ ಕಡೆಯ ಬೆಳಚಿನ ಖಾಲಿ ಚಿಪ್ಪು ಸುಣ್ಣದ್ದೇ. ಮಾಂಸದ ಚೂರು ಉಳಿಯದ ಹಾಗೆ ಕುದಿಸಿ, ಉಜ್ಜಿ, ಪುಡಿ ಮಾಡಿ ಒಂದಿಂಚು ಹಾಸಬಹುದು.

ಈಗ ಡೋರಿ, ಅಂದರೆ ಬ್ಲೂ ಟ್ಯಾಂಗ್. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೆ 190 ಲೀಟರ್, ಕಲ್ಲು-ಹಾಸು ಕಳೆದು ಮೇಲೆ ಎರಡಿಂಚು ಬಿಟ್ಟರೆ ನಿಜವಾಗಿ ಸಿಗುವುದು ಸುಮಾರು 150. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡಿಂಚು ಇರುತ್ತದೆ, ಬೆಳೆದರೆ 30 ಸೆಂಟಿಮೀಟರ್. ಇಡೀ ದಿನ ಉದ್ದಕ್ಕೆ ಈಜುವ ಮೀನು ಅದು. 6×2×2 ಅಡಿ, ಅಂದರೆ 680 ಲೀಟರಿಗಿಂತ ಕಡಿಮೆಯಲ್ಲಿ ಅದರ ಯೋಚನೆಯೇ ಬೇಡ. ಇಕ್ಕಟ್ಟಿನಲ್ಲಿಟ್ಟರೆ ಮೊದಲು ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡಾಟ, ಆಮೇಲೆ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿಚುಕ್ಕೆ. ಅದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ, ಟ್ಯಾಂಗ್ ಜಾತಿಗೆ ಬಹಳ ಬೇಗ ಹತ್ತುತ್ತದೆ. ಒಂದು ಮೀನಿಗೆ ಬಂದರೆ ಇಡೀ ಟ್ಯಾಂಕಿಗೆ ಬಂತು ಎಂದೇ ಲೆಕ್ಕ. ಅದಕ್ಕಿರುವ ತಾಮ್ರದ ಔಷಧಿಯನ್ನು ಮುಖ್ಯ ಟ್ಯಾಂಕಿಗೆ ಸುರಿದರೆ ಶೆಟ್ಲಿ, ಅನಿಮೋನ್ ಎಲ್ಲ ಸಾಯುತ್ತವೆ.

ಇನ್ನೊಂದು ವ್ಯತ್ಯಾಸವನ್ನು ಅಂಗಡಿಯವರು ಹೇಳುವುದಿಲ್ಲ. ಕ್ಲೌನ್ ಮೀನು, ಅಂದರೆ ನೀಮೋ, ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಅಂಟಿಸಿ ಕಾಯುತ್ತದೆ. ಮರಿ ಹುಟ್ಟಿದ ದಿನವೇ ರೋಟಿಫರ್ ಎಂಬ ಸೂಕ್ಷ್ಮ ಜೀವಿಯನ್ನು ತಿನ್ನುವಷ್ಟು ದೊಡ್ಡದಿರುತ್ತದೆ, ಹತ್ತು-ಹನ್ನೆರಡು ದಿನದಲ್ಲಿ ಪಟ್ಟೆ ಮೂಡುತ್ತದೆ. ಹಾಗಾಗಿ ತೊಟ್ಟಿಯಲ್ಲಿ ಬೆಳೆಸುವುದು ಸಾಧ್ಯವಾಯಿತು. ನಮ್ಮಲ್ಲೇ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ ಅದರ ತಳಿ ತಂತ್ರ ಸಿದ್ಧಪಡಿಸಿದೆ. ಟ್ಯಾಂಗ್ ಮೊಟ್ಟೆ ನೀರಲ್ಲಿ ತೇಲಿ ಹೋಗುತ್ತದೆ, ಮರಿ ತೀರಾ ಸಣ್ಣದು, ಮೀನಿನ ರೂಪಕ್ಕೆ ಬರಲು ಸುಮಾರು 50 ದಿನ. ಅದನ್ನು ತೊಟ್ಟಿಯಲ್ಲಿ ಮೊದಲ ಸಲ ಬೆಳೆಸಿ ತೋರಿಸಿದ್ದು ಫ್ಲೋರಿಡಾ ವಿಶ್ವವಿದ್ಯಾಲಯದವರು, 2016ರಲ್ಲಿ, ಎರಡನೇ ಸಿನಿಮಾ ಬಂದ ವರ್ಷವೇ. ಅಂಗಡಿಗೆ ಬರುವ ಬ್ಲೂ ಟ್ಯಾಂಗ್ ಇವತ್ತಿಗೂ ಹೆಚ್ಚಾಗಿ ಸಮುದ್ರದಿಂದ ಹಿಡಿದದ್ದೇ. ಆಗ್ನೇಯ ಏಷ್ಯಾದ ಕೆಲವು ಕಡೆ ಸಯನೈಡ್ ಚಿಮ್ಮಿಸಿ ಹಿಡಿಯುವ ಪದ್ಧತಿ ಇದೆ. ಅಂಥ ಮೀನು ತಂದ ವಾರ ಚೆನ್ನಾಗಿ ತಿಂದು ಆಮೇಲೆ ಕಾರಣವಿಲ್ಲದೆ ಸಾಯಬಹುದು.

ಉಳಿದ ಪಾತ್ರಗಳು ಬೇಗ ಮುಗಿಯುತ್ತವೆ. ಗಿಲ್ ಅಂದರೆ ಮೂರಿಶ್ ಐಡಲ್. ಸಮುದ್ರದಲ್ಲಿ ಸ್ಪಂಜು ಕೆರೆದು ತಿನ್ನುವ ಮೀನು, ಟ್ಯಾಂಕಿನಲ್ಲಿ ಬಹುತೇಕ ಹಸಿದೇ ಸಾಯುತ್ತದೆ. ಪಳಗಿದವರೂ ಮುಟ್ಟುವುದಿಲ್ಲ. ಪಫರ್ ಮತ್ತು ಶೆಟ್ಲಿ ಒಟ್ಟಿಗೆ ಅಂದರೆ ಶೆಟ್ಲಿ ಪಫರ್‌ನ ಊಟ. ನಕ್ಷತ್ರ ಮೀನಿಗೆ ಹೊಸ ಟ್ಯಾಂಕಿನಲ್ಲಿ ತಿನ್ನಲು ಏನೂ ಇರುವುದಿಲ್ಲ. ಆ ದಂತವೈದ್ಯರ ಟ್ಯಾಂಕಿನಿಂದ ನಿಮ್ಮ 3 ಅಡಿಗೆ ನಿಜವಾಗಿ ಹೊಂದುವವು ಎರಡೇ: ಕ್ಲೀನರ್ ಶೆಟ್ಲಿ ಮತ್ತು ನೇರಳೆ-ಹಳದಿಯ ರಾಯಲ್ ಗ್ರಾಮಾ. ಮಕ್ಕಳಿಗೆ ನೀಲಿ ಮೀನೇ ಬೇಕೆಂದರೆ ಯೆಲ್ಲೋಟೇಲ್ ಡ್ಯಾಮ್ಸೆಲ್ ಒಂದು ಹಾಕಿ. ನೀಲಿ ಮೈ, ಹಳದಿ ಬಾಲ, ಬೆಳೆದರೂ 7 ಸೆಂಟಿಮೀಟರ್. ಸಣ್ಣವರು ಡೋರಿ ಎಂದೇ ಒಪ್ಪಿಕೊಳ್ಳುತ್ತಾರೆ. ಆದರೆ ಕೊನೆಯಲ್ಲಿ ಹಾಕಿ. ಮೊದಲು ಹಾಕಿದರೆ ಇಡೀ ಟ್ಯಾಂಕ್ ತನ್ನದೆಂದು ಬೇರೆಯವನ್ನು ಅಟ್ಟುತ್ತದೆ.

ಕ್ಲೌನ್ ಎರಡೇ ತನ್ನಿ, ಒಂದು ದೊಡ್ಡದು ಒಂದು ಸಣ್ಣದು. ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಮೂರನೆಯದನ್ನು ಹಾಕಿದರೆ ಹೊಡೆದಾಟ. (ಆ ಲೆಕ್ಕಕ್ಕೆ ಸಿನಿಮಾದ ಅಪ್ಪ ಹೆಂಡತಿ ಸತ್ತ ಮೇಲೆ ತಾನೇ ಅಮ್ಮನಾಗಬೇಕಿತ್ತು. ಮಕ್ಕಳಿಗೆ ವಿವರಿಸುವುದು ನಿಮಗೆ ಬಿಟ್ಟದ್ದು.) ಅನಿಮೋನ್ ಈಗ ಬೇಡ, ಕನಿಷ್ಠ 6 ತಿಂಗಳು ಹೋಗಲಿ. ಅದಕ್ಕೆ ಬಲವಾದ ಬೆಳಕು, ಏರಿಳಿತವಿಲ್ಲದ ಉಪ್ಪಿನಂಶ ಬೇಕು. ಜಾಗ ಹಿಡಿಸದಿದ್ದರೆ ನಡೆದು ಹೋಗಿ, ನೀರು ಕಲಕುವ ವೇವ್‌ಮೇಕರ್‌ಗೆ ಸಿಕ್ಕಿ ಚೂರಾಗುತ್ತದೆ, ರಾತ್ರಿ ಬೆಳಗಾಗುವುದರೊಳಗೆ ನೀರೆಲ್ಲ ಕೊಳೆಯುತ್ತದೆ. ಕ್ಲೌನ್‌ಗೆ ಅದಿಲ್ಲದೆಯೂ ಏನೂ ಕೊರತೆಯಿಲ್ಲ.

ಉಪ್ಪಾಗರ:

ನೀರಿನ ಮಾತು ನಾನು ಹೇಳುತ್ತೇನೆ. ಸಾಣಿಕಟ್ಟಾದ ಉಪ್ಪು ಮೀನು ಸಾರಿಗೆ ಎಷ್ಟು ಒಳ್ಳೆಯದೋ ಮೀನಿಗೆ ಅಷ್ಟೇ ಕೆಟ್ಟದ್ದು ಮಾರಾಯ್ರೆ. ಆಗರದಲ್ಲಿ ನೀರು ಆರುವಾಗ ಮೊದಲು ಸುಣ್ಣ, ಆಮೇಲೆ ಜಿಪ್ಸಮ್ ಕೆಳಗೆ ಕೂರುತ್ತದೆ, ಅದಾದ ಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ನಮ್ಮ ಕೈಗೆ ಬರುವುದು ಒಂದೇ ಲವಣ. ಅದನ್ನು ಕದಡಿದರೆ ಉಪ್ಪಿನಂಶ 35 (ಸಾವಿರಕ್ಕೆ 35 ಭಾಗ) ತೋರಿಸೀತು, ಆದರೆ ಸಮುದ್ರದಲ್ಲಿರುವ ಲೀಟರಿಗೆ 410-420 ಮಿಲಿಗ್ರಾಂ ಕ್ಯಾಲ್ಸಿಯಂ, 1300ರ ಹತ್ತಿರದ ಮೆಗ್ನೀಸಿಯಂ, ಪಿಎಚ್ ಹಿಡಿದಿಡುವ ಕ್ಷಾರತೆ ಯಾವುದೂ ಅದರಲ್ಲಿ ಇರುವುದಿಲ್ಲ.

ಸಮುದ್ರದ ನೀರು ಬಳಸಬಹುದು, ಎಲ್ಲಿಂದ ಮತ್ತು ಯಾವಾಗ ಎಂಬುದೇ ಮುಖ್ಯ. ಕೋಡಿಬಾಗದ ಹತ್ತಿರ ಕಾಳಿ ಬಂದು ಸೇರುತ್ತದೆ, ಅಲ್ಲಿ ಬೇಡ. ಬೈತಖೋಲ್ ಬಂದರಿನೊಳಗೆ ಡೀಸೆಲ್ ಪೊರೆ, ಅಲ್ಲೂ ಬೇಡ. ಹೊಳೆಬಾಯಿಯಿಂದ ದೂರ, ಭರತ ಪೂರ್ತಿ ಏರಿದ ಹೊತ್ತಿಗೆ, ಅಲೆ ಮರಳು ಕದಡದ ಕಡೆ ಕ್ಯಾನ್ ಮುಳುಗಿಸಿ ತುಂಬಿಸಿ. ಡಿಸೆಂಬರಿನಿಂದ ಮೇ ಮಧ್ಯದವರೆಗೆ ನೀರು ಚೆನ್ನಾಗಿರುತ್ತದೆ. ಮಳೆ ಹಿಡಿದ ಮೇಲೆ ಉಪ್ಪಿನಂಶ ಬೀಳುತ್ತದೆ, ಕೆಸರು, ಗದ್ದೆಯಿಂದ ಬರುವ ಗೊಬ್ಬರ ಬೇರೆ.

ತಂದ ನೀರನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. 100 ಲೀಟರಿಗೆ 10 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ 10 ಮಿಲಿ ಹಾಕಿದರೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್ ಆಗುತ್ತದೆ. ವಾಸನೆ-ಸಾಬೂನು ಬೆರೆಸಿದ ನೆಲ ಒರೆಸುವ ದ್ರಾವಣ ಬೇಡ. ಒಂದು ದಿನ ಗಾಳಿ ಬಿಟ್ಟು, ಸೋಡಿಯಂ ಥಯೋಸಲ್ಫೇಟ್ ಹರಳನ್ನು ಸ್ವಲ್ಪಸ್ವಲ್ಪವೇ ಕರಗಿಸಿ ಸೇರಿಸಿ. 100 ಲೀಟರಿಗೆ ಹೆಚ್ಚೆಂದರೆ 7 ಗ್ರಾಂ ಸಾಕು. ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದಾಗ ಹಳದಿ ಒಂದಿಷ್ಟೂ ಬರಬಾರದು. ನಂತರ ಮುಚ್ಚಿದ ಡ್ರಮ್ಮಿನಲ್ಲಿ, ಕತ್ತಲಲ್ಲಿ ಇಡಿ. ಉಪ್ಪಿನಂಶ 30 ಇದ್ದರೆ 35ಕ್ಕೆ ತರಲು ಲೀಟರಿಗೆ 5-6 ಗ್ರಾಂ ಸಮುದ್ರ ಅಕ್ವೇರಿಯಂಗೆಂದೇ ಮಾರುವ ಮಿಶ್ರ ಉಪ್ಪು (ಮರೀನ್ ಸಾಲ್ಟ್). ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನಿಸಿದರೆ ಆರ್‌ಓ ನೀರಿಗೆ ಅದೇ ಉಪ್ಪನ್ನು ಲೀಟರಿಗೆ 36-38 ಗ್ರಾಂ ಹಾಕಿ ಕದಡುವುದೇ ಸುಲಭ. ಮನೆಯ ಕುಡಿಯುವ ಆರ್‌ಓದಲ್ಲಿ ರುಚಿಗೆಂದು ಸ್ವಲ್ಪ ಹಸಿ ನೀರು ಬೆರೆಸುವ ತಿರುಪು ಇರುತ್ತದೆ. ನೀರನ್ನು ಅದಕ್ಕಿಂತ ಮೊದಲೇ ಹಿಡಿದು, ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) ಸೊನ್ನೆಗೆ ತನ್ನಿ.

ಸಿಹಿನೀರಿನಿಂದ ಬಂದವರೆಲ್ಲ ಮಾಡುವ ತಪ್ಪು ಒಂದಿದೆ. ನೀರು ಆರಿ ಇಳಿದಾಗ ಉಪ್ಪುನೀರು ಸುರಿಯಬೇಡಿ, ಉಪ್ಪು ಆರಿ ಹೋಗುವುದಿಲ್ಲ. ದಿನಕ್ಕೆ ಎರಡು ಲೀಟರ್ ಇಳಿದರೆ ಎರಡು ಲೀಟರ್ ಆರ್‌ಓ ನೀರೇ.

ಘಟ್ಟದಮೇಲೆ (ಶಿರಸಿ):

ಒಂದು ತಕರಾರು. ಸಿನಿಮಾದಿಂದ ಮೀನು ಖರೀದಿ ಏರಿತು ಎಂದು ಎಲ್ಲರೂ ಬರೆಯುತ್ತಾರೆ. ಆಕ್ಸ್‌ಫರ್ಡ್ ಸಂಶೋಧಕರಿದ್ದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಡೋರಿ’ ಬಂದ ಎರಡು-ಮೂರು ವಾರ ಅಂತರ್ಜಾಲದಲ್ಲಿ ಆ ಮೀನಿನ ಹುಡುಕಾಟ ಏರಿದ್ದು ಕಂಡಿದೆ, ಅಮೆರಿಕದ ಆಮದಿನಲ್ಲಿ ಅಂಥ ಏರಿಕೆ ಕಂಡಿಲ್ಲ. ನನ್ನ ಕಣ್ಣಿಗೆ ದೊಡ್ಡ ಹಾನಿ ಬೇರೆ ಕಡೆ ಇದೆ. ಆರೈಕೆ ಹೇಗೆಂಬುದನ್ನೂ ಜನ ಸಿನಿಮಾದಿಂದಲೇ ಕಲಿತಿರುತ್ತಾರೆ.

ನೆನಪಿಸಿಕೊಳ್ಳಿ: ಮೀನುಗಳು ಫಿಲ್ಟರಿಗೆ ಕಲ್ಲು ಸಿಕ್ಕಿಸುತ್ತವೆ, ಟ್ಯಾಂಕ್ ಹಸಿರಾಗುತ್ತದೆ, ವೈದ್ಯರು ಮೀನನ್ನು ಚೀಲಕ್ಕೆ ಹಾಕಿ ಇಡೀ ಟ್ಯಾಂಕ್ ತೊಳೆಯಲು ಹೊರಡುತ್ತಾರೆ. ನಿಜದಲ್ಲಿ ನೀರಿನ ಓಟ ನಿಂತರೆ ಪಾಚಿ ಬರುವ ತನಕ ಕಾಯಬೇಕಿಲ್ಲ, ಆಮ್ಲಜನಕ ಇಳಿದು ರಾತ್ರಿಯೊಳಗೇ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ಎಲ್ಲ ತೆಗೆದು ತಿಕ್ಕಿ ತೊಳೆಯುವುದಂತೂ ಮಾಡಲೇಬಾರದ ಕೆಲಸ. ಕಲ್ಲಿನ ಮೈಮೇಲಿನ ಬ್ಯಾಕ್ಟೀರಿಯಾ ಹೋದರೆ ಅಮೋನಿಯಾ ಏರುತ್ತದೆ. ವಾರಕ್ಕೆ 10 ಶೇಕಡಾ, ನಿಮ್ಮ ಲೆಕ್ಕಕ್ಕೆ 15 ಲೀಟರ್, ಅದೇ ಉಪ್ಪಿನಂಶ ಅದೇ ಉಷ್ಣತೆಯ ನೀರು ಬದಲಿಸಿ, ಅಷ್ಟೇ. ಸ್ಪಂಜನ್ನು ತೆಗೆದ ಉಪ್ಪುನೀರಿನಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ.

ಮೀನು ತರುವ ಮೊದಲು ಆ ಬ್ಯಾಕ್ಟೀರಿಯಾ ಬೆಳೆಯಲೆಂದು, ನೀರು ತುಂಬಿದ ಮೀನಿಲ್ಲದ ಟ್ಯಾಂಕಿಗೆ ಸುಮಾರು 1 ಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿ. 150 ಲೀಟರಿಗೆ 2 ಪಿಪಿಎಂ ಅಮೋನಿಯಾ ಆಗುತ್ತದೆ. ಶೆಟ್ಲಿ ತುಂಡು ಕೊಳೆಯಲು ಬಿಡುವ ಹಳೆ ಪದ್ಧತಿಯೂ ಕೆಲಸ ಮಾಡುತ್ತದೆ, ಆದರೆ ಅಳತೆ ಸಿಗುವುದಿಲ್ಲ, ಮನೆಯವರ ಬೈಗುಳ ಸಿಗುತ್ತದೆ. ಅಷ್ಟು ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದ ಮೇಲೆ ಕ್ಲೌನ್. ಮೂರರಿಂದ ಆರು ವಾರ ಹಿಡಿಯುತ್ತದೆ.

ಕಾರವಾರದಲ್ಲಿ ಸೋಲುವುದು ಸೆಖೆಗೆ. ನೀರು 25-27 ಡಿಗ್ರಿ ಇರಬೇಕು, ನಿಮ್ಮಲ್ಲಿ ಏಪ್ರಿಲ್-ಮೇನಲ್ಲಿ 31 ದಾಟುತ್ತದೆ. ನೀರ ಮೇಲೆ ಫ್ಯಾನ್ ಬಿಟ್ಟರೆ ಒಣ ಹವೆಯಲ್ಲಿ 2-3 ಡಿಗ್ರಿ ಇಳಿಯುತ್ತದೆ. ಕರಾವಳಿಯ ಜಿಡ್ಡು ಹವೆಯಲ್ಲಿ ನೀರು ಆರುವುದೇ ಕಡಿಮೆ, ಒಂದು ಡಿಗ್ರಿ ಇಳಿದರೆ ಹೆಚ್ಚು. ನೀರು ತಣಿಸುವ 1/10 ಎಚ್‌ಪಿ ಚಿಲ್ಲರ್ ಲೆಕ್ಕಕ್ಕೆ ಹಿಡಿದೇ ಹೊರಡಿ. ಅದನ್ನು ಸ್ಟ್ಯಾಂಡಿನ ಮುಚ್ಚಿದ ಕಪಾಟಿನೊಳಗೆ ಇಟ್ಟರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನಮ್ಮ ಶಿರಸಿಯಲ್ಲಿ ಉಲ್ಟಾ, ಡಿಸೆಂಬರ್ ರಾತ್ರಿಗೆ 150 ವ್ಯಾಟ್ ಹೀಟರ್ ಬೇಕು.

ಮಳೆಗಾಲದ ಕರೆಂಟಿಗೆ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ಕರೆಂಟ್ ಇಲ್ಲದಾಗ ಮೇವು ಹಾಕಬೇಡಿ. ಕ್ಯಾನಿಸ್ಟರ್ ಫಿಲ್ಟರ್ ನಾಲ್ಕೈದು ಗಂಟೆ ನಿಂತಿದ್ದರೆ ಒಳಗಿನ ಕೊಳೆತ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡಿ.

ಬೇಲೆಗಾಳಿ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಕ್ಲೌನ್ ಎರಡು, ಕ್ಲೀನರ್ ಶೆಟ್ಲಿ ಒಂದು, ಕೊನೆಗೆ ಯೆಲ್ಲೋಟೇಲ್ ಒಂದು. ಮೀನು ಬೇರೆ ಊರಿನಿಂದ ಪಾರ್ಸಲ್ ಬರಬೇಕು, 12-14 ಗಂಟೆ ದಾರಿ. ಚೀಲ ತೆರೆದು ಎರಡು ಗಂಟೆ ಹನಿಹನಿಯಾಗಿ ನೀರು ಬಿಟ್ಟು ಹೊಂದಿಸಿದರೆ ಸಾಕೇ? ಮುಂದೆ ಮಕ್ಕಳಿಗೆ ಬೇಸರ ಬಂದರೆ ಸಮುದ್ರಕ್ಕೇ ಬಿಟ್ಟುಬಿಡಬಹುದು, ಅದೊಂದು ಅನುಕೂಲ.

ಕಾಳಿಸಂಗಮ:

ಎರಡೂ ಬೇಡ. ಅಷ್ಟು ಹೊತ್ತು ಮುಚ್ಚಿದ ಚೀಲದಲ್ಲಿ ಅಮೋನಿಯಾ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಕೆಳಗಿರುವ ಕಾರಣ ಅದು ಅಷ್ಟಾಗಿ ಕಚ್ಚುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಎರಡು ಗಂಟೆ ಹನಿಸಿದರೆ ಮೀನನ್ನು ಅದರಲ್ಲೇ ನೆನೆಸಿಟ್ಟ ಹಾಗೆ. ಕಳಿಸುವವರ ನೀರಿನ ಉಪ್ಪಿನಂಶ ಮೊದಲೇ ಕೇಳಿಕೊಳ್ಳಿ, ಎಷ್ಟೋ ಅಂಗಡಿಗಳಲ್ಲಿ ಅದು (ಸಿಹಿನೀರಿಗೆ ಹೋಲಿಸಿದ ಸಾಂದ್ರತೆಯ ಲೆಕ್ಕದಲ್ಲಿ) 1.018-1.020 ಇರುತ್ತದೆ. 40 ಲೀಟರಿನ ಬೇರೆ ತೊಟ್ಟಿಯನ್ನು ಅದೇ ಅಂಶಕ್ಕೆ ಸಿದ್ಧ ಮಾಡಿ. ಚೀಲವನ್ನು 15 ನಿಮಿಷ ತೇಲಿಸಿ, ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಬಿಡಿ, ಚೀಲದ ನೀರು ಚರಂಡಿಗೆ. ಆಮೇಲೆ ದಿನಕ್ಕೆ 0.001ರಷ್ಟು ಏರಿಸುತ್ತ ಹೋಗಿ. ಬಿಳಿಚುಕ್ಕೆಯ ಭಯಕ್ಕೆ ಪ್ರತಿ 72 ಗಂಟೆಗೆ ಮೀನನ್ನು ಒಣಗಿಸಿಟ್ಟ ಇನ್ನೊಂದು ತೊಟ್ಟಿಗೆ, ಹೊಸ ನೀರಿಗೆ ದಾಟಿಸಿ, ಹೀಗೆ ನಾಲ್ಕು ಸಲ. ಪರಾವಲಂಬಿ ಹಿಂದಿನ ತೊಟ್ಟಿಯಲ್ಲೇ ಉಳಿಯುತ್ತದೆ, ಔಷಧಿ ಬೇಕಾಗುವುದಿಲ್ಲ. ಶೆಟ್ಲಿಗೆ ಈ ದಾಟಿಸಾಟ ಬೇಡ, ಉಪ್ಪಿನಂಶದ ಏರುಪೇರನ್ನು ಅದು ತಾಳುವುದಿಲ್ಲ. ಅದರ ಚೀಲದ ನೀರೂ ನಿಮ್ಮ ಟ್ಯಾಂಕಿನ ನೀರೂ ಒಂದೇ ಅಂಶದಲ್ಲಿರುವಂತೆ ಕಳಿಸುವವರಿಗೆ ಮೊದಲೇ ಹೇಳಿ.

ಸಮುದ್ರಕ್ಕೆ ಬಿಡುವ ಮಾತಂತೂ ಬೇಡ. ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್‌ಗೆ ಅಡಗುವುದೇ ಗೊತ್ತಿರುವುದಿಲ್ಲ, ಅದರ ಜೊತೆಗೆ ಬರುವ ರೋಗ ಇಲ್ಲಿನ ಮೀನಿಗೆ ಹೊಸದು. ನಮ್ಮ ಕಡೆಯ ಸಮುದ್ರದ್ದೇ ಆದ ಲಯನ್ ಫಿಶ್ ಅಟ್ಲಾಂಟಿಕ್‌ಗೆ ಸೇರಿ ಅಲ್ಲಿನ ಮರಿಮೀನುಗಳನ್ನು ಹೇಗೆ ಬಳಿದು ತಿನ್ನುತ್ತಿದೆ ಎಂದು ಓದಿ ನೋಡಿ. ಬೇಸರ ಬಂದರೆ ಇಲ್ಲೇ ಒಂದು ಸಾಲು ಬರೆಯಿರಿ, ಕೊಂಡೊಯ್ಯುವವರು ಇರುತ್ತಾರೆ.

ಉಪ್ಪಾಗರ:

ಒಂದು ಮರೆತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ, ತಾಜಾ ಶೆಟ್ಲಿ ಸಿಗುವುದು ಕಷ್ಟ. ಮೇ ತಿಂಗಳಲ್ಲೇ ಅರ್ಧ ಕಿಲೋ ಶೆಟ್ಲಿ, ಬೆಳಚಿನ ಮಾಂಸ ಸಣ್ಣಗೆ ಕೊಚ್ಚಿ, ತೆಳ್ಳಗೆ ಹರಡಿ ಫ್ರೀಜರಿನಲ್ಲಿಡಿ. ಎರಡು ಕ್ಲೌನ್‌ಗೆ ಒಂದು ಹೊತ್ತಿಗೆ ಕಡಲೆಕಾಳಿನಷ್ಟು ಮುರಿದರೆ ಸಾಕು. ನೀರಿನ ಡ್ರಮ್ಮೂ ಅಷ್ಟರೊಳಗೆ ತುಂಬಿರಲಿ. ವಾರಕ್ಕೆ 15 ಲೀಟರಿನಂತೆ ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ 250-260 ಲೀಟರ್ ಬೇಕು. 200 ಲೀಟರಿನ ಒಂದು ಡ್ರಮ್ ಸಾಲುವುದಿಲ್ಲ, ಎರಡು ತೆಗೆದುಕೊಳ್ಳಿ.